ಸುಂಕದ ಮನೆಯ ಒಂಬತ್ತು ಜನ

ಇನ್ನೂರು ವರ್ಷ ಹಳೆಯದಾದ ಎರಡಂತಸ್ತಿನ ಮನೆಯೊಂದನ್ನು ನಾನು ಒಬ್ಬನೇ ತಲೆಯ ಮೇಲೆ ಹೊತ್ತು, ಎದೆಮಟ್ಟ ನೀರಿದ್ದ ಹೊಳೆ ದಾಟಿಸಿ, ಈಗಿರುವ ಜಾಗದಲ್ಲಿ ತಂದು ಇಳಿಸಿದ್ದೇನೆ. ಇಳಿಸುವಾಗ ಒಂದು ಹೆಂಚೂ ಅಲುಗಲಿಲ್ಲ. ಅಟ್ಟದಲ್ಲಿ ಮಲಗಿದ್ದ ಬೆಕ್ಕಿಗೆ ಎಚ್ಚರವಾದದ್ದು ಮಾರನೆಯ ದಿನ. ಕಿಟಕಿಯಿಂದ ಹೊರಗೆ ನೋಡಿ, ಊರೇ ಎದ್ದು ಎಲ್ಲಿಗೋ ಹೊರಟುಹೋಗಿದೆ ಎಂದುಕೊಂಡು ಅದು ಬಹಳ ಹೊತ್ತು ಅತ್ತಿತು.

ನಂಬುವವರು ನಂಬಲಿ. ನಂಬದವರು ಬಂದು ನನ್ನ ನೆತ್ತಿ ಮುಟ್ಟಿ ನೋಡಲಿ. ನಟ್ಟನಡುವೆ ಒಂದು ಕೂದಲಿಲ್ಲ. ವಯಸ್ಸಾದ್ದರಿಂದ ಉದುರಿದ್ದು ಎಂದು ಕ್ಷೌರದವನು ಹೇಳುತ್ತಾನೆ. ಅವನಿಗೇನು ಗೊತ್ತು? ಜನರ ತಲೆಯ ಮೇಲೆ ಬಾಚಣಿಗೆಗಿಂತ ಭಾರದ್ದೇನನ್ನೂ ಇಟ್ಟು ನೋಡಿದವನಲ್ಲ ಅವನು.

ನಾನು ಬಡಗಿ. ಬಾಗಿಲು, ಕಿಟಕಿ ನನ್ನ ಕಸುಬು. ನಾನು ಕೂರಿಸಿದ ಬಾಗಿಲು ಒಮ್ಮೆ ಮುಚ್ಚಿಕೊಂಡಿತೆಂದರೆ ಗಾಳಿಯೂ ಹೊರಗೆ ನಿಂತು ಕೆಮ್ಮಿ, ಅಪ್ಪಣೆ ಕೇಳಿಯೇ ಒಳಗೆ ಬರಬೇಕು. ಊರಿನವರು ನನ್ನನ್ನು ಬುರುಡೆ ಮೇಸ್ತ್ರಿ ಎನ್ನುತ್ತಾರೆ. ಹೊಟ್ಟೆಕಿಚ್ಚು, ಇನ್ನೇನು.

ಮನೆಯ ವಿಷಯಕ್ಕೆ ಬರುತ್ತೇನೆ. ಅದು ಹಳೆಯ ಸೇತುವೆಯ ತಲೆಯಲ್ಲಿದ್ದ ಸುಂಕದ ಮನೆ. ಹಿಂದಿನ ಕಾಲದಲ್ಲಿ ಸೇತುವೆ ದಾಟುವ ಪ್ರತಿಯೊಂದು ಗಾಡಿಯೂ ಅಲ್ಲಿ ನಿಂತು, ತೂಕವಾಗಿ, ಸುಂಕ ಕೊಟ್ಟು ಮುಂದೆ ಹೋಗಬೇಕಿತ್ತು. ಕೆಳಗೆ ಸುಂಕ ಕಟ್ಟಿಸಿಕೊಳ್ಳುವ ದೊಡ್ಡ ಹಜಾರ, ಮೇಲೆ ಸುಂಕದವನ ಸಂಸಾರಕ್ಕೆ ಕೋಣೆಗಳು, ಪಕ್ಕದಲ್ಲಿ ಗಾಡಿ ತೂಗುವ ತೂಕದ ಕೋಣೆ. ಕಂಬ, ತೊಲೆ, ಹಲಗೆ ಎಲ್ಲ ಮರದ್ದು. ನಡುವೆ ಮಾತ್ರ ಇಟ್ಟಿಗೆ ತುಂಬಿದ್ದರು. ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲ ಮರದ ಗೂಟಗಳೇ. ಸೇತುವೆ ಅಗಲ ಮಾಡುವಾಗ ಇದು ಅಡ್ಡ ಬಂತು. ಹಳೆಯ ಕಟ್ಟಡಗಳನ್ನು ಉಳಿಸುವ ಸಮಿತಿಯವರು, ಬೇಕಾದವರು ಇದನ್ನು ಬಿಚ್ಚಿಕೊಂಡು ಹೋಗಬಹುದು ಎಂದು ಸಾರಿದರು. ಕಟ್ಟಡ ಪುಕ್ಕಟೆ. ಆದರೆ ಬೇರೆ ಕಡೆ ಇದ್ದ ಹಾಗೆಯೇ ಎಬ್ಬಿಸಿ ನಿಲ್ಲಿಸಬೇಕು, ಮತ್ತು ಅದರಲ್ಲಿ ಒಂದು ಸಂಸಾರ ಬಾಳಬೇಕು. ಗೋದಾಮು ಮಾಡಕೂಡದು, ಅಂಗಡಿ ಮಾಡಕೂಡದು, ಬೀಗ ಜಡಿದು ಖಾಲಿ ಇಡಲೂ ಕೂಡದು. ಖಾಲಿ ಕಂಡರೆ ವಾಪಸು ತೆಗೆದುಕೊಂಡು ಪ್ರವಾಸಿಗಳಿಗೆ ವಸತಿಗೃಹ ಮಾಡುತ್ತಾರೆ.

"ಎಷ್ಟು ಜನ ಇರ್ತೀರಿ?" ಎಂದು ಸಮಿತಿಯ ಗುಮಾಸ್ತ ಕೇಳಿದ.

"ಒಂಬತ್ತು," ಎಂದೆ, ಕಣ್ಣು ಮಿಟುಕಿಸದೆ.

ಲೆಕ್ಕ ಸರಿಯಾಗಿಯೇ ಇತ್ತು. ತಂಗಿ, ಅವಳ ಗಂಡ, ಅವರಿಗೊಬ್ಬ ಮಗ ಒಬ್ಬಳು ಮಗಳು, ತಂಗಿಯ ಅತ್ತೆ, ತಮ್ಮ, ಅವನ ಹೆಂಡತಿ, ಅವರ ಮಗು, ಮತ್ತೆ ನಾನು. ನಾನು ಮದುವೆಯಾಗಲಿಲ್ಲ. ನನ್ನನ್ನು ಕಟ್ಟಿಕೊಳ್ಳಲು ಸಾಲುಗಟ್ಟಿ ನಿಂತಿದ್ದ ಹುಡುಗಿಯರು ಎದುರಿನ ಬೀದಿಯ ತಿರುವಿನವರೆಗೂ ಇದ್ದರು. ಯಾರನ್ನು ಆರಿಸಿದರೂ ಉಳಿದವರಿಗೆ ಬೇಜಾರಾಗುತ್ತದೆಂದು ಸುಮ್ಮನಾದೆ.

ನಾವು ಮೂವರು ಬೆಳೆದದ್ದು ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆಯಲ್ಲಿ. ಅಪ್ಪ ಅಮ್ಮ ಬೇಗ ಹೋದರು. ನನಗಾಗಲೇ ಉಳಿ ಹಿಡಿಯುವ ವಯಸ್ಸು, ಅವರಿಬ್ಬರು ಇನ್ನೂ ಮಕ್ಕಳು. ಗಿರಣಿ ಶುರುವಾದರೆ ನೆಲವೆಲ್ಲ ನಡುಗುತ್ತಿತ್ತು. ಲೋಟದ ನೀರಿನಲ್ಲಿ ಉಂಗುರಗಳು ಏಳುತ್ತಿದ್ದವು. ತಂಗಿ ಅಕ್ಷರ ಕಲಿತದ್ದು ಆ ನಡುಗುವ ನೆಲದ ಮೇಲೆಯೇ, ಆದ್ದರಿಂದ ಇಂದಿಗೂ ಅವಳ ಬರಹ ಚಳಿಯಲ್ಲಿ ನಿಂತವರ ಬರಹದ ಹಾಗಿದೆ. ಹಲಗೆಗಳ ಸಂದಿಯಿಂದ ಹಿಟ್ಟು ಮೇಲೆದ್ದು ಮೂವರ ತಲೆಯೂ ಬೆಳ್ಳಗಾಗುತ್ತಿತ್ತು. ಬಸ್ಸಿನಲ್ಲಿ ಯಾರೋ ನನ್ನ ಪುಟ್ಟ ತಮ್ಮನಿಗೆ "ಕೂತ್ಕೊಳ್ಳಿ ಯಜಮಾನ್ರೇ" ಎಂದು ಜಾಗ ಬಿಟ್ಟುಕೊಟ್ಟಿದ್ದರು.

ಗಿರಣಿ ನಿಂತ ಮೇಲೆ ನಾನು ಕಥೆ ಶುರು ಮಾಡುತ್ತಿದ್ದೆ. ನಮಗೊಂದು ಮನೆ ಬರುತ್ತೆ, ಎಂಥ ಮನೆ ಅಂದರೆ ರಾಜರು ಬಂದು ಬಾಗಿಲಲ್ಲಿ ನಿಂತು ವಿಳಾಸ ಕೇಳಬೇಕು.

"ನಂಗೆ ಹೊಳೆ ಕಾಣೋ ಕಿಟಕಿ," ಎನ್ನುತ್ತಿದ್ದಳು ತಂಗಿ.

"ನಂಗೆ ಅಲ್ಲಾಡದೇ ಇರೋ ನೆಲ ಸಾಕು," ಎನ್ನುತ್ತಿದ್ದ ತಮ್ಮ.

"ಆಯ್ತು, ಬರೆದುಕೊಂಡೆ," ಎನ್ನುತ್ತಿದ್ದೆ ನಾನು. ಯಾವುದರ ಮೇಲೆ ಬರೆದುಕೊಂಡೆ ಎಂದು ಅವರು ಕೇಳಲಿಲ್ಲ.

ಆಮೇಲೆ ಅವರು ದೊಡ್ಡವರಾದರು. ತಂಗಿ ಲಾರಿ ಓಡಿಸುವವನೊಬ್ಬನನ್ನು ಮದುವೆಯಾಗಿ ಅವನೂರಿಗೆ ಹೋದಳು. ತಮ್ಮ ಎರಡು ಊರಾಚೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಬೇರು ಬಿಟ್ಟ. ಗಿರಣಿಯವನು ಕೋಣೆ ಖಾಲಿ ಮಾಡಿಸಿ ಹಿಟ್ಟಿನ ಮೂಟೆ ತುಂಬಿದ. ಸುಂಕದ ಮನೆ ಸಿಕ್ಕಿದಾಗ ನಾನು ಇಬ್ಬರಿಗೂ ಫೋನು ಮಾಡಿ, "ಮನೆ ಬರ್ತಾ ಇದೆ, ರೆಡಿ ಇರಿ," ಎಂದೆ. ತಂಗಿ ನಕ್ಕಳು. ಆದರೆ ಗಂಡನ ಕೈಲಿ ಲಾರಿ ಕಳಿಸಿದಳು.

ಸರಿ, ಲಾರಿ ಇತ್ತು. ನಾನು ಹೊತ್ತ ಮೇಲೆ ಉಳಿದ ಚೂರುಪಾರು ಅದರಲ್ಲಿ ಬಂತು.

ಬಿಚ್ಚುವ ಕೆಲಸಕ್ಕೆ ನನ್ನ ಜೊತೆಗೆ ಒಬ್ಬ ಗಾರೆ ಕೆಲಸದ ಗೆಳೆಯನಿದ್ದ. ಅವನಿಗೆ ರಸಮಟ್ಟ ಎಂದೇ ಹೆಸರು. ಜೇಬಿನಲ್ಲಿ ಸದಾ ಗೋಡೆ, ನೆಲದ ಮಟ್ಟ ನೋಡುವ ಒಂದು ರಸಮಟ್ಟ. ಚಹಾ ಅಂಗಡಿಯಲ್ಲಿಯೂ ಮೇಜಿನ ಮೇಲೆ ಅದನ್ನಿಟ್ಟು, ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಂತರೆ ಮಾತ್ರ ಲೋಟ ಇಡಲು ಬಿಡುತ್ತಾನೆ. ಹಳೆಯ ಮನೆ ಬಿಚ್ಚುವಾಗ ಪ್ರತಿಯೊಂದು ತುಂಡಿಗೂ ಒಂದು ನಂಬರು ಬರೆಯಬೇಕು. ಇಲ್ಲದಿದ್ದರೆ ಕೊನೆಗೆ ಕೈಯಲ್ಲಿ ಉಳಿಯುವುದು ಒಂದು ಮನೆಯ ಸೌದೆ. ನಂಬರು ಬರೆಯುವ ಕೆಲಸ ನನ್ನದು. ನಾನು ಒಂದೊಂದು ಕೋಣೆಯ ಒಳಗೆ ನಿಂತು, ನನ್ನ ಕಡೆಗಿದ್ದ ಮುಖದ ಮೇಲೆ, ಕಂಬಕ್ಕೆ, ಹಲಗೆಗೆ, ಬಾಗಿಲ ಚೌಕಟ್ಟಿಗೆ, ಕೆಂಪು ಬಣ್ಣದಲ್ಲಿ ಬರೆಯುತ್ತಾ ಹೋದೆ. ನಂಬರಿದ್ದ ಮುಖ ಒಳಮುಖ. ಇದನ್ನು ಬಾಯಿಬಿಟ್ಟು ಹೇಳಬೇಕೆ? ಯಾರಿಗಾದರೂ ಗೊತ್ತಾಗುವ ವಿಷಯ.

ಮತ್ತೆ ಎಬ್ಬಿಸುವಾಗ ನಾನು ಅಂಗಳದ ಶೆಡ್ಡಿನಲ್ಲಿ ಕೂತು, ಹುಳು ಹಿಡಿದ ತುಂಡುಗಳಿಗೆ ಬದಲಿ ತುಂಡು ಕೆತ್ತುತ್ತಿದ್ದೆ. ರಸಮಟ್ಟ ತನ್ನ ಆಳುಗಳನ್ನು ಕಟ್ಟಿಕೊಂಡು ಒಂದೊಂದು ಕೋಣೆಯ ಹೊರಗೆ ನಿಂತು ಅದನ್ನು ಕೂರಿಸುತ್ತಿದ್ದ. ಹೆಂಚು ಹೊದಿಸಿ ಮುಗಿದ ದಿನ ನಾನು ಉಳಿ ಕೆಳಗಿಟ್ಟು ಬಂದು ನೋಡುತ್ತೇನೆ: ಅಂಗಿಯನ್ನು ತಿರುವುಮುರುವು ಹಾಕಿಕೊಂಡವರ ಹಾಗೆ ನಿಂತಿದೆ ಮನೆ. ಬೀದಿಗೆ ಮುಖ ಮಾಡಿದ ಗೋಡೆಯ ತುಂಬ ನನ್ನ ಕೆಂಪು ನಂಬರುಗಳು.

"ಏನೋ ಇದು?"

"ಏನು ಏನೋ?" ರಸಮಟ್ಟ ಹೆಮ್ಮೆಯಿಂದ ಹೇಳಿದ. "ಗುಳ್ಳೆ ನೋಡು, ಕೂದಲೆಳೆ ಆಚೆ ಈಚೆ ಹೋಗಿಲ್ಲ."

"ಗುಳ್ಳೆ ಹಾಳಾಗಲಿ! ನಂಬರು ಯಾಕೋ ಹೊರಗಿದೆ?"

"ನಂಬರು ಕೂರಿಸೋನ ಕಣ್ಣಿಗೆ ಬೀಳೋ ಹಾಗೆ ತಾನೇ ಬರೆಯೋದು? ನಾನೆಲ್ಲಿ ನಿಂತಿದ್ನೋ ಆ ಕಡೆಗೆ ತಿರುಗಿಸಿಟ್ಟೆ."

"ಒಳಗಡೆ ಇರಬೇಕಿತ್ತೋ ಮಾರಾಯ!"

"ಒಳಗಡೆ ಅಂತ ಬರೆದಿದ್ಯಾ?"

"ನಂಬರು ಬರೆದಿದ್ನಲ್ಲೋ!"

"ನಂಬರು ಓದಿದ್ನಲ್ಲೋ ನಾನೂ!"

ಇಬ್ಬರೂ ಬಹಳ ಹೊತ್ತು ಬೈದಾಡಿಕೊಂಡೆವು. ಆಮೇಲೆ ಇಬ್ಬರೂ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಗೂಟಗಳು ಬಿಗಿದಾಗಿತ್ತು, ಮೇಲೆ ಹೆಂಚಿನ ಭಾರ ಕೂತಾಗಿತ್ತು. ಮತ್ತೆ ಬಿಚ್ಚಿದರೆ ಆ ಹಳೆಯ ಮರದ ಜೋಡಣೆಗಳು ಸೀಳಿಹೋಗುತ್ತವೆ. ಹಾಗೆಯೇ ಬಿಟ್ಟೆವು. ಅಂಚೆಯವನು ಮೊದಲ ಸಲ ಬಂದಾಗ ಬೀದಿಯಲ್ಲಿ ಸೈಕಲ್ಲು ಹಿಡಿದು ನಿಂತು, "ಇದರಲ್ಲಿ ನಿಮ್ಮ ಮನೆ ನಂಬರು ಯಾವುದು?" ಎಂದು ಕೇಳಿದ. "ಎಲ್ಲ ನಮ್ಮದೇ," ಎಂದೆ. ಸಮಿತಿಯವರು ಕೇಳಿದರೆ ಹೇಳಲು ಒಂದು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡೆ: ಇದು ಬೇಕೆಂದೇ ಮಾಡಿದ್ದು, ಇನ್ನೂರು ವರ್ಷದ ಮೇಲೆ ಮತ್ತೆ ಬಿಚ್ಚುವವರಿಗೆ ಅನುಕೂಲವಾಗಲಿ ಎಂದು. ನಾನು ಅಷ್ಟು ಮುಂದಾಲೋಚನೆಯವನು.

ತೂಕದ ಕೋಣೆಯನ್ನು ಅಡುಗೆಮನೆ ಮಾಡಿದೆ. ಅದರ ನೆಲದಲ್ಲಿ ಗಾಡಿ ತೂಗುವ ಕಬ್ಬಿಣದ ತಟ್ಟೆ ಈಗಲೂ ಇದೆ, ಗೋಡೆಯ ಮೇಲೆ ಮುಳ್ಳು ಇದೆ. ತುಕ್ಕು ಉಜ್ಜಿ, ಎಣ್ಣೆ ಬಿಟ್ಟು ಸರಿ ಮಾಡಿದ್ದೇನೆ. ಗಾಡಿಗೆ ಮಾಡಿದ ತಕ್ಕಡಿಯಾದ್ದರಿಂದ ಒಬ್ಬ ಮನುಷ್ಯ ನಿಂತರೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ನಾನು ನಿಂತು ನೋಡಿದೆ, ಮುಳ್ಳು ಅಲುಗಲಿಲ್ಲ. ಕುಣಿದು ನೋಡಿದೆ. ಒಂದು ಸಲ ಒರಳುಕಲ್ಲನ್ನು ಅಪ್ಪಿಕೊಂಡು ನಿಂತೆ, ಸ್ವಲ್ಪ ನಡುಗಿದ ಹಾಗಾಯಿತು. ಅದೂ ನನ್ನ ಕಣ್ಣು ನಡುಗಿದ್ದೋ ಏನೋ.

ತಂಗಿ ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು.

"ಮುಗೀತೇನೋ ಅಣ್ಣ?"

"ಇನ್ನೊಂದು ಚೂರು. ಮೆಟ್ಟಿಲ ಕೈಹಿಡಿ ನುಣುಪಾಗಬೇಕು. ನಿನ್ನ ಅತ್ತೆ ಕೈ ಇಡ್ತಾರಲ್ಲ, ರೇಷ್ಮೆ ಇದ್ದ ಹಾಗಿರಬೇಕು."

"ನಮ್ಮತ್ತೆ ಕೈ ನೀನೇನು ರೇಷ್ಮೆ ಅಂದ್ಕೊಂಡಿದ್ಯಾ?" ನಗುತ್ತಿದ್ದಳು. "ಬೇಗ ಮಾಡು."

ಮುಂದಿನ ವಾರ ಕಿಟಕಿಯ ಕೊಂಡಿ. ಅದರ ಮುಂದಿನ ವಾರ ಅಟ್ಟದ ಏಣಿ. ಹಳೆಯ ಮನೆಯಲ್ಲಿ ಕೆಲಸಕ್ಕೆ ಬರವೇ? ಬೇಕೆಂದವನಿಗೆ ಅದು ಸಾಯುವವರೆಗೂ ಮುಗಿಯುವುದಿಲ್ಲ. ತಮ್ಮ ಮೊದಮೊದಲು ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ. ಈಚೆಗೆ ತಂಗಿಯೂ ಭಾನುವಾರ ಮಾತಾಡುವಾಗ ಹವೆ, ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿನೋವು ಎಲ್ಲ ಹೇಳಿ, ಮನೆಯ ವಿಷಯ ಬರುವ ಹೊತ್ತಿಗೆ, "ಸರಿ ಇಡ್ಲಾ?" ಎನ್ನುತ್ತಾಳೆ.

ಹೀಗಿರುವಾಗ ಸಮಿತಿಯಿಂದ ಫೋನು ಬಂತು. ನಾಳೆ ಒಬ್ಬರು ಮೇಡಂ ಬಂದು ಮನೆ ನೋಡುತ್ತಾರೆ, ಸಂಸಾರ ವಾಸ ಮಾಡುತ್ತಿದೆಯೋ ಇಲ್ಲವೋ ಪರೀಕ್ಷೆ ಮಾಡುತ್ತಾರೆ.

"ಬರಲಿ ಬರಲಿ," ಎಂದೆ. "ಬೆಳಿಗ್ಗೆನೇ ಬರೋಕೆ ಹೇಳಿ. ಆಮೇಲೆ ಮಕ್ಕಳ ಗಲಾಟೇಲಿ ಮಾತು ಕೇಳಿಸಲ್ಲ."

ಫೋನು ಇಟ್ಟೆ. ಒಂಬತ್ತು ಜನರನ್ನು ಒಂದು ಮಧ್ಯಾಹ್ನದಲ್ಲಿ ಎಲ್ಲಿಂದ ತರಲಿ? ಬೇರೆ ಯಾರಾದರೂ ಆಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರು. ನಾನು ನೇರ ಮೂಲೆಯ ಇಸ್ತ್ರಿ ಅಂಗಡಿಗೆ ಹೋದೆ.

"ಒಂದು ಸಂಸಾರಕ್ಕಾಗೋಷ್ಟು ಬಟ್ಟೆ ಕೊಡಪ್ಪ, ನಾಳೆ ಮಧ್ಯಾಹ್ನ ವಾಪಸ್ ಕೊಡ್ತೀನಿ."

ಇಸ್ತ್ರಿಯವನು ಪೆಟ್ಟಿಗೆ ಎತ್ತಿಹಿಡಿದು ನನ್ನನ್ನೇ ನೋಡಿದ. "ಗಿರಾಕಿಗಳ ಬಟ್ಟೆ ಮೇಸ್ತ್ರಿ. ಮಾನ ಹೋಗುತ್ತೆ."

"ಉಟ್ಕೊಳ್ಳಲ್ಲ ಕಣಯ್ಯ. ಬರೀ ತಂತಿ ಮೇಲೆ ನೇತುಹಾಕ್ತೀನಿ."

"ಯಾಕೆ?"

"ನೋಡೋಕೆ ಚೆನ್ನಾಗಿರುತ್ತೆ."

ಅವನು ಒಂದು ಗಂಟು ಕಟ್ಟಿ ಕೊಟ್ಟ. ಇನ್ನೊಂದು ಮಾತೂ ಕೇಳಲಿಲ್ಲ. ಎದುರುಮನೆಯ ಅಜ್ಜಿಯ ಹತ್ತಿರ ಹಳೆಯ ಚಪ್ಪಲಿ, ಮಕ್ಕಳ ಬೂಟು, ಒಂದು ಗೊಂಬೆ ಸಿಕ್ಕಿದವು. ಕಿರಾಣಿ ಅಂಗಡಿಯಿಂದ ಸೋಪು, ಹಲ್ಲುಜ್ಜುವ ಬ್ರಶ್ಶು ತಂದೆ. ಬೆಳಗಾಗುವ ಹೊತ್ತಿಗೆ ಸುಂಕದ ಮನೆ ಸಂಸಾರದಿಂದ ಗಿಜಿಗುಡುತ್ತಿತ್ತು. ಬಾಗಿಲಲ್ಲಿ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಹಿತ್ತಲ ತಂತಿಯ ಮೇಲೆ ಬಟ್ಟೆಗಳಿಗೆ ನೀರು ಚಿಮುಕಿಸಿ ತೂಗುಹಾಕಿದ್ದೆ. ಮೆಟ್ಟಿಲ ಮೇಲೆ ಆ ಗೊಂಬೆ ಮಕಾಡೆ ಮಲಗಿತ್ತು. ಅದನ್ನು ಇಟ್ಟದ್ದು ನನ್ನ ಕೈಚಳಕ. ಅದನ್ನು ಮೂರು ಜಾಗದಲ್ಲಿ ಇಟ್ಟು, ದೂರ ನಿಂತು ನೋಡಿ, ಕೊನೆಗೆ ಮಗು ಆಗತಾನೇ ಬಿಟ್ಟು ಓಡಿಹೋದ ಹಾಗೆ ಮಲಗಿಸಿದ್ದೆ. ಮಲಗಿಸಿದ ಮೇಲೆ ನಾನೇ ಒಂದು ಕ್ಷಣ, ಎಲ್ಲಿ ಹೋಯಿತು ಮಗು ಎಂದು ತಿರುಗಿ ನೋಡಿದೆ.

ಮೇಡಂ ಬಂದರು. ನನ್ನ ತಂಗಿಯ ವಯಸ್ಸಿರಬಹುದು. ಹೆಗಲಲ್ಲಿ ಚೀಲ, ಕೈಯಲ್ಲಿ ಒಂದು ಪುಟ್ಟ ಟಾರ್ಚು. ಮಾತು ಕಡಿಮೆ. ನನ್ನಂಥವನಿಗೆ ಮಾತು ಕಡಿಮೆ ಇರುವವರು ಯಾವಾಗಲೂ ಅಪಾಯ. ನಡುವೆ ಬಿದ್ದ ಮೌನವನ್ನೆಲ್ಲ ನಾನೇ ತುಂಬಬೇಕಾಗುತ್ತದೆ.

ಬೀದಿಯಲ್ಲಿ ನಿಂತು ಕೆಂಪು ನಂಬರುಗಳನ್ನು ನೋಡಿದರು. ನನ್ನ ಸಿದ್ಧ ಉತ್ತರ ಹೇಳಿದೆ. "ಓಹೋ," ಎಂದರು, ಅಷ್ಟೆ. ಬಾಗಿಲಲ್ಲಿ ಚಪ್ಪಲಿಗಳ ಮೇಲೆ ಕಾಲಿಡದ ಹಾಗೆ ದಾಟಿ ಒಳಗೆ ಬಂದರು.

"ಎಲ್ಲರೂ ಎಲ್ಲಿ?"

"ಈಗಷ್ಟೇ ಹೋದ್ರು ಮೇಡಂ. ನೀವು ಒಂದು ನಿಮಿಷ ಮುಂಚೆ ಬಂದಿದ್ರೆ ಬಾಗಿಲಲ್ಲೇ ಡಿಕ್ಕಿ ಹೊಡೀತಿದ್ರಿ."

"ಚಪ್ಪಲಿ ಬಿಟ್ಟು ಹೋದ್ರಾ?"

"ಇದು... ಮನೆಯೊಳಗೆ ಹಾಕ್ಕೊಳ್ಳೋ ಚಪ್ಪಲಿ."

ಹಿತ್ತಲಿಗೆ ಹೋದೆವು. ಅವರು ತಂತಿಯ ಮೇಲಿದ್ದ ಒಂದು ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಚಾಕುವಿನ ಅಲಗಿನ ಹಾಗೆ ಗೆರೆ ಎದ್ದು ಕಾಣುತ್ತಿತ್ತು.

"ನಿಮ್ಮ ಮನೇಲಿ ಒಣಗೋಕೆ ಮುಂಚೇನೇ ಇಸ್ತ್ರಿ ಮಾಡ್ತೀರಾ?"

"ನಾದಿನಿ," ಎಂದೆ. "ತಮ್ಮನ ಹೆಂಡ್ತಿ. ತುಂಬಾ ಆತುರ ಅವಳಿಗೆ."

"ತಮ್ಮನ ಹೆಂಡ್ತಿ ನಿಮಗೆ ನಾದಿನಿ ಹೇಗಾಗ್ತಾಳೆ?"

"ನಮ್ಮ ಮನೇಲಿ ಎಲ್ಲಾ ತಿರುವುಮುರುವು ಮೇಡಂ. ಗೋಡೆ ನೋಡಿದ್ರಲ್ಲ."

ಅವರ ತುಟಿಯ ತುದಿ ಒಂದಿಷ್ಟು ಅಲುಗಿತು. ನನಗೆ ಧೈರ್ಯ ಬಂತು. ಮಹಡಿಗೆ ಕರೆದುಕೊಂಡು ಹೋದೆ. ಹೋಗುವಾಗ ಮೇಡಂ ಬಗ್ಗಿ ಗೊಂಬೆಯನ್ನು ಎತ್ತಿ, ಯಾರೂ ತುಳಿಯದ ಹಾಗೆ ಗೋಡೆಗೆ ಒರಗಿಸಿ ಕೂರಿಸಿದರು. ಒಂದೊಂದೇ ಕೋಣೆ ತೋರಿಸಿದೆ. ಇದು ತಂಗಿಯದು, ನೋಡಿ, ಹೊಳೆ ಕಾಣುತ್ತೆ. ಬೆಳಿಗ್ಗೆ ಎದ್ದರೆ ಅವಳು ಅರ್ಧ ದಿನ ಇಲ್ಲೇ ಕೂತಿರುತ್ತಾಳೆ, ಎಬ್ಬಿಸಲು ಇಬ್ಬರು ಬೇಕು. ಇದು ತಮ್ಮನದು, ನೆಲ ಮೆಟ್ಟಿ ನೋಡಿ, ಆನೆ ನಡೆದರೂ ಅಲ್ಲಾಡಲ್ಲ. ಅವನು ರಾತ್ರಿ ಊಟ ಆದ ಮೇಲೆ ಸುಮ್ಮನೆ ಅಲ್ಲಿಂದಿಲ್ಲಿಗೆ ಓಡಾಡುತ್ತಾನೆ, ಖುಷಿಗೆ. ಇದು ಮಕ್ಕಳದು, ಸದಾ ಜಗಳ. ನಿನ್ನೆ ದಿಂಬು ಹರಿದು ಹತ್ತಿಯೆಲ್ಲ ಹೊಳೆಯವರೆಗೂ ಹಾರಿಹೋಯಿತು.

ಹೇಳುತ್ತಾ ಹೇಳುತ್ತಾ ನನಗೇ ಅವರೆಲ್ಲ ಕಾಣಿಸತೊಡಗಿದರು. ತಂಗಿಯ ಅತ್ತೆಗೆ ಹೇಳಿ ಮಾಡಿಸಿದ ಕುರ್ಚಿಯ ಪಕ್ಕ ಹೋಗುವಾಗ, ಅವರ ಕಾಲು ತುಳಿಯಬಾರದೆಂದು ಸ್ವಲ್ಪ ಸರಿದು ನಡೆದೆ. ಮೇಡಂ ಅದನ್ನು ನೋಡಿದರು.

ಕೊನೆಗೆ ಬಚ್ಚಲುಮನೆ. ಸುಂಕದವನ ಕಾಲದಲ್ಲಿ ಅದೂ ಒಂದು ಮಲಗುವ ಕೋಣೆ. ನಾನೇ ಹಂಡೆ, ಕೊಳಾಯಿ ಎಲ್ಲ ಹಾಕಿಸಿ ಬಚ್ಚಲು ಮಾಡಿದ್ದು. ಮೇಡಂ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಕೈತೊಳೆಯಲು ಹೋದರೇನೋ ಎಂದುಕೊಂಡೆ. ಒಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಾಗಿಲ ಹಲಗೆಯ ಮೇಲೆ ಕೈಯಾಡಿಸುವ ಸದ್ದು. ಬಾಗಿಲು ತೆರೆದು ತಲೆ ಮಾತ್ರ ಹೊರಗೆ ಹಾಕಿದರು.

"ಮೇಸ್ತ್ರಿ, ಈ ಮನೇಲಿ ಹೆಂಗಸರು ಎಷ್ಟು ಜನ ಅಂದ್ರಿ?"

"ನಾಲ್ಕು. ತಂಗಿ, ಅವಳ ಅತ್ತೆ, ತಮ್ಮನ ಹೆಂಡ್ತಿ, ತಂಗಿ ಮಗಳು. ಅವಳೂ ಈಗ ದೊಡ್ಡೋಳು."

"ಚಿಲಕ ಎಲ್ಲಿ?"

ನಾನು ನೋಡಿದೆ. ಚಿಲಕ ನನ್ನ ಕಡೆ ಇತ್ತು. ಹೊರಗಡೆ. ಕೆಂಪು ನಂಬರಿನ ಪಕ್ಕದಲ್ಲೇ, ಹಿತ್ತಾಳೆಯದು, ಕೂರಿಸುವ ಮುಂಚೆ ಶೆಡ್ಡಿನಲ್ಲಿ ನಾನೇ ಉಜ್ಜಿ ಹೊಳೆಯುವ ಹಾಗೆ ಮಾಡಿದ್ದು. ಕೋಣೆ ತಿರುಗಿ ಕೂತಾಗ ಬಾಗಿಲೂ ತಿರುಗಿ ಕೂತಿತ್ತಲ್ಲ. ತಲೆ ಎತ್ತಿ ಮಹಡಿಯುದ್ದಕ್ಕೂ ನೋಡಿದೆ. ಎಲ್ಲ ಕೋಣೆಗಳ ಚಿಲಕವೂ ಹೊರಗೇ. ಅಷ್ಟು ದಿನ ಅವುಗಳ ಮುಂದೆ ಓಡಾಡಿದ್ದೇನೆ. ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ.

"ಹಾಡ್ತಾರೆ ಮೇಡಂ," ಎಂದೆ. "ಒಳಗಿರೋರು ಹಾಡ್ತಾ ಇರ್ತಾರೆ. ಹಾಡು ಕೇಳಿದ್ರೆ ಬೇರೆಯವರು ಹೋಗಲ್ಲ."

"ನಿಮ್ಮ ತಂಗಿ ಅತ್ತೇನೂ ಹಾಡ್ತಾರಾ?"

"ಅವರು ಕೆಮ್ಮುತ್ತಾರೆ."

ಮೇಡಂ ಹೊರಗೆ ಬಂದರು. ಕೈಯಲ್ಲಿ ಒಂದು ಸೋಪಿತ್ತು. ಅದರ ಮೇಲಿನ ಅಕ್ಷರಗಳು ಕೆತ್ತಿದ ಹಾಗೆ ಹರಿತವಾಗಿದ್ದವು. ಅದನ್ನು ವಾಪಸು ಇಟ್ಟರು.

"ಮೇಸ್ತ್ರಿ, ಒಂದು ಚಿಲಕ ಬಿಚ್ಚಿ ಒಳಗಡೆ ಹೊಡಿಯೋಕೆ ಎಷ್ಟು ಹೊತ್ತು ಬೇಕು?"

"ನಂಗಾ?" ಎದೆ ತಾನಾಗಿಯೇ ಉಬ್ಬಿತು. "ನೀವು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಎರಡು ಹೊಡೀತೀನಿ."

"ಹೌದಲ್ಲ," ಎಂದರು ಮೇಡಂ. ದನಿ ಮೆತ್ತಗಿತ್ತು. "ಅವರು ಬಂದಿದ್ರೆ ಮೊದಲನೇ ದಿನ ಬೆಳಿಗ್ಗೆನೇ ನಿಮ್ಮನ್ನ ಎಬ್ಬಿಸಿ ಹೊಡೆಸಿರ್ತಿದ್ರು."

ಬಾಯಿ ತೆರೆದೆ. ಈ ಜನ್ಮದಲ್ಲಿ ನಾನು ಬಾಯಿ ತೆರೆದು ಅದರಿಂದ ಏನೂ ಬಾರದೇ ಹೋದದ್ದು ಅದೇ ಮೊದಲು. ಬೇಕಾದಷ್ಟು ಹೇಳಬಹುದಿತ್ತು. ಅವರೆಲ್ಲ ನಿನ್ನೆಯಷ್ಟೇ ಬಂದರು ಎನ್ನಬಹುದಿತ್ತು, ನಮ್ಮ ವಂಶದಲ್ಲಿ ಚಿಲಕ ಹಾಕುವ ಪದ್ಧತಿಯೇ ಇಲ್ಲ ಎನ್ನಬಹುದಿತ್ತು. ಆದರೆ ನನ್ನ ಕಣ್ಣ ಮುಂದೆ ಒಂದು ಬೆಳಿಗ್ಗೆ ಬಂದು ನಿಂತಿತ್ತು. ತಂಗಿ ಟವೆಲು ಹೆಗಲ ಮೇಲೆ ಹಾಕಿಕೊಂಡು ಹಜಾರದಲ್ಲಿ ನಿಂತು, ಮನೆಯೆಲ್ಲ ಅದುರುವ ಹಾಗೆ, "ಅಣ್ಣಾ, ಎಂಥಾ ಬಡಗಿಯೋ ನೀನು!" ಎಂದು ಕೂಗುತ್ತಿದ್ದಾಳೆ. ತಮ್ಮ ನಗುತ್ತಿದ್ದಾನೆ. ಆ ಬೆಳಿಗ್ಗೆ ಬಂದಿರಲಿಲ್ಲ. ಅದನ್ನು ಬಂದಿದೆ ಎಂದು ಹೇಳಲು ಆಗಲಿಲ್ಲ.

ಮೆಟ್ಟಿಲ ಮೇಲೆ, ಗೊಂಬೆಯ ಪಕ್ಕ ಕೂತೆ.

"ಯಾರೂ ಬಂದಿಲ್ಲ ಮೇಡಂ."

"ಬರಲ್ಲ ಅಂದ್ರಾ?"

"ಇಲ್ಲ. ನಾನೇ ಕರೆದಿಲ್ಲ."

ಮೇಡಂ ಎರಡು ಮೆಟ್ಟಿಲು ಮೇಲೆ ಕೂತರು. ನಾನು ಹೇಳಿದೆ. ಮನೆ ಮುಗಿದು ಬಹಳ ಕಾಲವಾಯಿತು. ಮೆಟ್ಟಿಲ ಕೈಹಿಡಿಯನ್ನು ಉಜ್ಜಿ ಉಜ್ಜಿ ಸವೆಸಿಬಿಟ್ಟಿದ್ದೇನೆ. ಕಿಟಕಿಯ ಕೊಂಡಿಯನ್ನು ಬಿಚ್ಚುತ್ತೇನೆ, ಮತ್ತೆ ಅದನ್ನೇ ಹಾಕುತ್ತೇನೆ. ಮುಗಿದಿದೆ ಎಂದು ಹೇಳಿದರೆ ಮುಂದಿನ ಮಾತು "ಬನ್ನಿ" ಎನ್ನಬೇಕು. ತಂಗಿಯ ಗಂಡನಿಗೆ ಅಲ್ಲೇ ಸ್ವಂತ ಲಾರಿ ಆಗಿದೆ, ಮಕ್ಕಳಿಗೆ ಅಲ್ಲೇ ಶಾಲೆ. ತಮ್ಮ ಈಗ ಆ ಕನ್ನಡಕದ ಅಂಗಡಿಯಲ್ಲಿ ಪಾಲುದಾರ. ಅವರು ಒಳ್ಳೆಯವರು. ಬೈಯುವುದಿಲ್ಲ. ನನಗೆ ನೋವಾಗದ ಹಾಗೆ ಹೇಳುತ್ತಾರೆ, ರಜದಲ್ಲಿ ಬಂದು ಹೋಗ್ತೀವಿ ಅಣ್ಣ ಅಂತ. ಎರಡು ದಿನ ಇದ್ದು, ಮನೆಯೆಲ್ಲ ಹೊಗಳಿ, ಬಸ್ಸು ಹತ್ತುತ್ತಾರೆ. ಅದನ್ನು ಕೇಳಿಸಿಕೊಳ್ಳುವ ಬದಲು ಇನ್ನೊಂದು ಚೂರು ಕೆಲಸ ಇದೆ ಎನ್ನುವುದೇ ಸುಲಭ ಅನ್ನಿಸಿತು.

"ಕರೆದ್ರೆ ಬರ್ತಾರೇನೋ," ಎಂದರು ಮೇಡಂ.

"ಬರಬಹುದು. ಗೊತ್ತಿಲ್ಲ. ಅದೇ ಮೇಡಂ, ಗೊತ್ತಿಲ್ಲದೇ ಇರೋವರೆಗೂ ಒಂಬತ್ತು ಜನ ಇರ್ತಾರೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈ ಸಲದ ಮೌನವನ್ನು ನಾನು ತುಂಬಲಿಲ್ಲ. ಹೊಳೆಯ ಕಡೆಯಿಂದ ಗಾಳಿ ಬಂದು, ಮೇಲಿನ ಕೋಣೆಯ ಬಾಗಿಲೊಂದು ತಾನಾಗಿ ಮುಚ್ಚಿಕೊಂಡಿತು.

"ಹೇಳದೇ ಇರೋ ನಿಜ ಮತ್ತೇನಾದ್ರೂ ಇದ್ಯಾ?" ಎಂದು ಕೇಳಿದರು.

ಎಲ್ಲ ಹೇಳಿಬಿಟ್ಟೆ. ನಾನು ತಲೆಯ ಮೇಲೆ ಹೊತ್ತದ್ದು ಒಂದೇ ಒಂದು ಬುಟ್ಟಿ, ಅದರಲ್ಲಿ ಗೂಟಗಳಿದ್ದವು. ಉಳಿದದ್ದೆಲ್ಲ ತಂಗಿಯ ಗಂಡನ ಲಾರಿಯಲ್ಲಿ ಬಂತು, ಸೇತುವೆಯ ಮೇಲಿಂದಲೇ. ಹೆಂಚು ಅರ್ಧಕ್ಕರ್ಧ ಒಡೆದುಹೋಯಿತು. ಬೆಕ್ಕು ಇರಲೇ ಇಲ್ಲ. ನಂಬರು ತಿರುಗಿದ್ದು ಮುಂದಾಲೋಚನೆಯಲ್ಲ. ನನ್ನನ್ನು ಕಟ್ಟಿಕೊಳ್ಳಲು ಯಾರೂ ಸಾಲುಗಟ್ಟಿರಲಿಲ್ಲ. ಒಬ್ಬಳಿದ್ದಳು, ಅವಳೂ ಗಿರಣಿಯ ಮೇಲಿನ ಕೋಣೆಯನ್ನು ಒಂದು ಸಲ ನೋಡಿ ಹೋದಳು. ಬಟ್ಟೆ ಇಸ್ತ್ರಿ ಅಂಗಡಿಯದು, ಮಧ್ಯಾಹ್ನ ವಾಪಸು ಕೊಡಬೇಕು.

ಮೇಡಂ ಎದ್ದು, ಸೀರೆಯ ಧೂಳು ಕೊಡವಿ, ಚೀಲದಿಂದ ಸಮಿತಿಯ ಫಾರಂ, ಪೆನ್ನು ತೆಗೆದರು. ಪೆನ್ನಿನ ಮುಚ್ಚಳ ತೆರೆದು ನನ್ನ ಮುಖ ನೋಡಿದರು.

"ಎಷ್ಟು ಜನ ಇದ್ದಾರೆ ಅಂತ ನಾನು ಹಾಕಬೇಕು. ನೀವೇ ಹೇಳಿ ಮೇಸ್ತ್ರಿ. ನೀವು ಹೇಳಿದ್ದನ್ನ ಬರೀತೀನಿ."

ಅದು ಅವರ ದೊಡ್ಡ ಮನಸ್ಸು. ಒಂಬತ್ತು ಎಂದಿದ್ದರೆ ಅವರು ಒಂಬತ್ತೇ ಬರೆಯುತ್ತಿದ್ದರು. ಮನೆ ನನ್ನದಾಗಿಯೇ ಉಳಿಯುತ್ತಿತ್ತು. ನಾನೂ ನಾಳೆಯಿಂದ ಕೊಂಡಿ ಬಿಚ್ಚಿ ಹಾಕುತ್ತಾ, ಭಾನುವಾರ ಇನ್ನೊಂದು ಚೂರು ಎನ್ನುತ್ತಾ ಇರಬಹುದಿತ್ತು.

"ಒಬ್ಬ," ಎಂದೆ.

"ಒಬ್ಬ ಅಂತ ಬರೆದ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು."

ಅವರು ಬರೆಯಲು ಬಗ್ಗಿದರು. ನಾನು ಕೈ ಅಡ್ಡ ಹಿಡಿದೆ.

"ತಾಳಿ ಮೇಡಂ. ಒಬ್ಬ ಅಂದಿದ್ದೂ ಸ್ವಲ್ಪ ಜಾಸ್ತಿ ಆಯ್ತು. ಈ ಮನೆಯೊಳಗೆ ನಾನು ಒಂದು ದಿನಾನೂ ಮಲಗಿಲ್ಲ. ಯಾವ ಕೋಣೇಲಿ ಮಲಗಬೇಕು ಅಂತ ಗೊತ್ತಾಗ್ಲಿಲ್ಲ, ಎಲ್ಲಾ ಅವರದ್ದೇ ಅನ್ನಿಸ್ತು. ನಾನು ಮಲಗೋದು ಆ ಅಂಗಳದ ಶೆಡ್ಡಿನಲ್ಲಿ, ಮರಕ್ಕೆ ಹತ್ತರಿ ಉಜ್ಜೋ ಮೇಜಿನ ಕೆಳಗೆ."